ಗುವಾಹಟಿಯಿಂದ ಚಿಗಟೇರಿಗೆ ಹದಿನೆಂಟು ತಾಸು

ಕಾನ್‌ಸ್ಟೇಬಲ್ ಭೀಮರಾಜ ಟೇಪಿನ ತುದಿಯನ್ನು ಹಸಿಮಣ್ಣಿಗೆ ಒತ್ತಿ ಹಿಡಿದು, ಉದ್ದ ಎರಡೂವರೆ ಅಡಿ ಎಂದ. ಪಿಎಸ್‌ಐ ಭೂಮಿಕಾ ಪಂಚನಾಮೆಯಲ್ಲಿ ಬರೆದುಕೊಂಡಳು. ಅಗೆದದ್ದು ಅಷ್ಟೇ, ಸಮಾಧಿಯ ದಕ್ಷಿಣದ ತುದಿಯಲ್ಲಿ, ಹೆಣದ ತಲೆ ಇರುವ ಕಡೆ. ಆಮೇಲೆ ಮುಚ್ಚಿದ್ದರು. ತಟ್ಟಿದ ಬೆರಳುಗಳ ಗುರುತು ಮಣ್ಣಿನ ಮೇಲೆ ಹಾಗೇ ಇತ್ತು.

ಭಾನುವಾರ, ಬೆಳಿಗ್ಗೆ 8.20. ಚಿಗಟೇರಿಯ ಹೊರಗಿನ ಹೊಲ. ಹಿಂದಿನ ದಿನ ಸಂಜೆ ಐದಕ್ಕೆ ಜಂಬಕ್ಕನನ್ನು ಇಲ್ಲಿ ಮಣ್ಣು ಮಾಡಿದ್ದರು. ಬೆಳಿಗ್ಗೆ ದೀಪ ಇಡಲು ಬಂದ ಹಿರಿಮಗ ದೊಡ್ಡಬೀರಪ್ಪ ಇದನ್ನು ನೋಡಿ ಠಾಣೆಗೆ ಓಡಿದ್ದ. ಎಫ್‌ಐಆರ್ ಆಗಿತ್ತು. ಅವನ ಅನುಮಾನ ಕಳ್ಳರ ಮೇಲೆ. ಅವ್ವನ ಮೂಗುತಿ ಬಿಚ್ಚದೆ ಮಣ್ಣು ಮಾಡಿದ್ದು ಊರಿಗೆಲ್ಲ ಗೊತ್ತಿತ್ತು.

‘ಕಳ್ಳ ಬಂದು ಕುಣಿ ಮುಚ್ಚಿ, ತಟ್ಟಿ ಹೋಗ್ತಾನೇನಪಾ?’ ಎಂದ ಭೀಮರಾಜ.

ಭೂಮಿಕಾ ಆ ಬೆರಳಿನ ಗುರುತುಗಳನ್ನೇ ನೋಡುತ್ತಿದ್ದಳು.

‘ನಿನ್ನೆ ಮುಖ ನೋಡದೆ ಉಳಿದವರು ಯಾರು?’

‘ನನ್ನ ತಮ್ಮ ಒಬ್ಬನ ರೀ. ಬೀರಲಿಂಗೇಶ. ಗುವಾಹಟಿಯಾಗ ಸುರಂಗದ ಕೆಲಸಕ್ಕ ಅದಾನ. ಅವ ಅಲ್ಲ ಬಿಡ್ರಿ, ಮೂರು ದಿನದ ದಾರಿ.’

ಹೋದ ವರ್ಷ ತಮ್ಮ ರೈಲಿನಲ್ಲಿ ಬಂದಾಗ ಮೂರು ದಿನ ಹಿಡಿದಿತ್ತು. ಆ ಲೆಕ್ಕ ಮನೆಯಲ್ಲಿ ಹಾಗೇ ಉಳಿದಿತ್ತು.

ಭೂಮಿಕಾ ದೊಡ್ಡಬೀರಪ್ಪನ ಫೋನು ಇಸಕೊಂಡಳು. ಶನಿವಾರ 11.04ಕ್ಕೆ ತಮ್ಮನಿಗೆ ಕರೆ, ನಾಲ್ಕು ನಿಮಿಷ. ಏನಂದ ಎಂದು ಕೇಳಿದಳು.

‘ತಡೀರಿ, ನಾಳೆ ಬೆಳಕು ಹರಿಯೋದ್ರಾಗ ಬರ್ತೀನಿ ಅಂದ. ಸಂಕಟದಾಗ ಏನೋ ಅಂತಾನ ಅಂದ್ಕೊಂಡ್ವಿ.’

ಜೀಪಿನ ಬಾನೆಟ್ ಮೇಲೆ ಅವಳು ಕೂಡಿಸಿ ನೋಡಿದಳು. ಗುವಾಹಟಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಎರಡು ಸಾವಿರ ಚಿಲ್ಲರೆ ಕಿಲೋಮೀಟರ್, ಮೂರು ತಾಸಿನ ಮೇಲೆ ಸ್ವಲ್ಪ. ಬೆಂಗಳೂರಿನಿಂದ ಹರಪನಹಳ್ಳಿಗೆ ಬಸ್ಸಿನಲ್ಲಿ ಅದರ ಎರಡರಷ್ಟು ಹೊತ್ತು. ಕಾಯುವುದನ್ನು ಸೇರಿಸಿದರೂ ನಸುಕಿಗೆ ಬಂದಿರುತ್ತಾನೆ. ಮನೆಗೆ ಹೋಗಿಲ್ಲವೆಂದರೆ ವಾಪಸು ಹೊರಟಿರಬೇಕು. ‘ಬಸ್‌ ಸ್ಟ್ಯಾಂಡಿಗೆ ನಡಿ’ ಎಂದಳು.

10.40. ಹರಪನಹಳ್ಳಿ ಬಸ್‌ ನಿಲ್ದಾಣ. ಕಟ್ಟೆಯ ಮೇಲೆ ಕೂತವನ ಚೀಲಕ್ಕೆ ವಿಮಾನದವರು ಅಂಟಿಸಿದ ಬಿಳಿ ಚೀಟಿ ಇತ್ತು. ಎರಡು ಬಸ್ಸು ಹೋದರೂ ಹತ್ತಿರಲಿಲ್ಲ. ಕಾಲು ಮಾತ್ರ ಒಂದೇ ಸಮನೆ ಅಲುಗುತ್ತಿತ್ತು. ಉಗುರಿನಲ್ಲಿ ಕೆಂಪು ಮಣ್ಣು.

‘ಎಷ್ಟೊತ್ತಿಗೆ ಬಂದಿ?’ ಭೀಮರಾಜ ಪಕ್ಕದಲ್ಲೇ ಕೂತು ಕೇಳಿದ.

‘ಐದಕ್ಕ ಊರಾಗಿದ್ದೆ.’

‘ಅಗದಿದ್ದು?’

‘ನಾನ. ಮುಖ ನೋಡಬೇಕಿತ್ತು.’

11.15ಕ್ಕೆ ಬಂಧನ ನಮೂದಾಯಿತು. ಹೇಳಿಕೆಯಲ್ಲಿ ಅವನು ಏನನ್ನೂ ಅಲ್ಲಗಳೆಯಲಿಲ್ಲ. ವಿಮಾನದಲ್ಲಿ ಪಕ್ಕದವನನ್ನು ಇನ್ನೆಷ್ಟು ಹೊತ್ತು ಎಂದು ಕೇಳಿ ಕೇಳಿ ಬೈಸಿಕೊಂಡಿದ್ದ. ಇಳಿದು ಫೋನು ಹಚ್ಚಿದಾಗ ಅಣ್ಣನ ಸಂದೇಶ ಬಂದಿತ್ತು. ಭೂಮಿಕಾ ಅದನ್ನು ಇದ್ದಂತೆಯೇ ಬರೆದುಕೊಂಡಳು: ಮಣ್ಣು ಆತು. ನಿಧಾನ ಬಾ.

ಜಾಮೀನು ಸಿಗುವ ಕಲಮು. ಮಧ್ಯಾಹ್ನ ದೊಡ್ಡಬೀರಪ್ಪ ಆಧಾರ್ ಪ್ರತಿ ಹಿಡಿದು ಠಾಣೆಗೆ ಬಂದ. ದೂರು ಕೊಟ್ಟವನೇ ಜಾಮೀನು ನಿಲ್ಲುವುದನ್ನು ಭೀಮರಾಜ ಕಂಡಿರಲಿಲ್ಲ.

‘ಮನಿಗೆ ಬಾರಲೇ ತಮ್ಮಾ’ ಎಂದ ದೊಡ್ಡಬೀರಪ್ಪ. ‘ನನಗ ರೈಲಿನ ಲೆಕ್ಕ ಅಷ್ಟ ಗೊತ್ತಿತ್ತು.’

‘ನಾ ಹೇಳಿದ್ನಲ್ಲ.’

ಅಣ್ಣ ಸಹಿ ಹಾಕಿದ. ಭೂಮಿಕಾ ಕಾಗದವನ್ನೂ ಪೆನ್ನನ್ನೂ ಬೀರಲಿಂಗೇಶನ ಮುಂದೆ ಸರಿಸಿ, ಇಲ್ಲಿ ನಿಂದೊಂದು ಹಾಕಿದರೆ ಹೋಗಬಹುದು ಎಂದಳು.

ಅವನು ಅಣ್ಣನ ಸಹಿಯನ್ನು ಓದಿದ. ಕಾಲು ಅಲುಗುವುದು ನಿಂತಿತು.

‘ಒಲ್ಲೆ’ ಎಂದ.