ಇಪ್ಪತ್ತೈದನೇ ವಾರ

“ಬ್ಲ್ಯಾಕಲ್ಲಿ ಮಾರೋಕೆ ಎಷ್ಟು ಎತ್ತಿಟ್ಕೊಂಡಿದೀರಾ, ಹೇಳ್ರೀ!”

ಹೆಂಗಸರ ಕೌಂಟರಿನ ಕಿಂಡಿ ಮುಚ್ಚುತ್ತಿದ್ದ ಸುಂದರೇಶನ ಕೈ ಅಲ್ಲೇ ನಿಂತಿತು. ೧೯೯೫ರ ಜೂನ್. ಸಿನಿಮಾ ಬಿಡುಗಡೆಯಾಗಿ ಎರಡನೇ ಭಾನುವಾರ. ಮೈಸೂರಿನ ಅರ್ಧ ಜನ ಆ ಟಾಕೀಸಿನ ಮುಂದೆಯೇ ಇದ್ದಂತಿತ್ತು. ಒಂದೂವರೆ ಗಂಟೆ ಕ್ಯೂನಲ್ಲಿ ನಿಂತು, ತನ್ನ ಸರದಿ ಬಂದಾಗಲೇ ಹೌಸ್‌ಫುಲ್ ಬೋರ್ಡು ಕಂಡ ಹುಡುಗಿ ಕಿಂಡಿಯೊಳಕ್ಕೆ ಕೈ ತೂರಿಸಿ ಬಾಗಿಲನ್ನು ಹಿಡಿದುಕೊಂಡಿದ್ದಳು.

ಸುಂದರೇಶ ಹೊರಗೆ ಬಂದು ಖಾಲಿ ಟಿಕೆಟ್ ಪುಸ್ತಕ ತೋರಿಸಿದ. “ಜೇಬೂ ನೋಡ್ಬುಡಿ” ಎಂದು ಎರಡೂ ಜೇಬನ್ನು ಹೊರಕ್ಕೆಳೆದ. ಒಂದು ಕರ್ಚೀಫು, ಅರ್ಧ ತಿಂದ ಕಡಲೆಮಿಠಾಯಿ ಕೆಳಗೆ ಬಿದ್ದವು.

ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಆ ನಗು ಮೊದಲು ಕಣ್ಣಿಗೆ ಬಂದು, ಆಮೇಲೆ ನಿಧಾನಕ್ಕೆ ತುಟಿಗಿಳಿದದ್ದನ್ನು ಸುಂದರೇಶ ನೋಡಿದ. ಅವನ ಕಥೆ ಅಲ್ಲಿಗೆ ಮುಗಿದಿತ್ತು.

ಹೇಮಶ್ರೀ ಅವಳ ಹೆಸರು. ಊರಂಚಿನ ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ರೇಡಿಯೋ ಜೋಡಿಸುವ ಕೆಲಸ. ಅಪ್ಪ ಸಿದ್ದಲಿಂಗಸ್ವಾಮಿ ಅವರಿಗೆ ಸಂತೇಪೇಟೆಯಲ್ಲಿ ಕಿರಾಣಿ ಅಂಗಡಿ. ಮುಂದಿನ ಭಾನುವಾರ ಗೆಳತಿಯರೊಂದಿಗೆ ಬಂದಳು, ಅದರ ಮುಂದಿನ ವಾರ ಸೋದರತ್ತೆಯೊಂದಿಗೆ. ಆಮೇಲೆ ಒಬ್ಬಳೇ.

“ಮೂರು ಸಲ ಆಯ್ತು. ಕಥೆ ಅರ್ಥ ಆಗ್ಲಿಲ್ವಾ?” ಕಿಂಡಿಯಿಂದ ಕೇಳಿದ.

“ಕ್ಲೈಮ್ಯಾಕ್ಸ್ ಏನಾದ್ರೂ ಬದಲಾಗಿದೆಯೇನೋ ಅಂತ ಬಂದೆ. ಟಿಕೆಟ್ ಕೊಡ್ರೀ, ಹಿಂದಿರೋರು ಬೈತಾರೆ.”

ಸಿನಿಮಾ ಐವತ್ತು ದಿನ ಓಡಿತು, ನೂರು ದಿನ ಓಡಿತು. ಆಟ ಬಿಟ್ಟ ಮೇಲೆ ಸೈಕಲ್ ಸ್ಟ್ಯಾಂಡಿನ ಪಕ್ಕ ಹತ್ತು ನಿಮಿಷದ ಮಾತು, ಎದುರಿನ ಹೋಟೆಲಿನಲ್ಲಿ ಬೈಟು ಕಾಫಿ. ಬೆಸುಗೆ ಹಾಕುವಾಗ ಸುಟ್ಟ ತನ್ನ ಬೆರಳನ್ನು ಅವಳು ಲೋಟದ ಹಿಂದೆ ಮರೆಮಾಡುತ್ತಿದ್ದಳು. ಅವನು ಅದನ್ನೇ ನೋಡುತ್ತಿದ್ದ. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆಡಬೇಕಾದ ದಿನ ಹತ್ತಿರ ಬರುತ್ತಿದೆಯೆಂದು ಮಾತ್ರ ಇಬ್ಬರಿಗೂ ಗೊತ್ತಿತ್ತು.

ಅವನ ಹೆದರಿಕೆ ತಾಯಿ ಚಂದ್ರಮತಿಯವರದು. ಅವರ ಮಾವನವರು ಅರಮನೆಯ ಪುರೋಹಿತರು. ಮಗ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಾನೆಂಬುದೇ ಕೃಷ್ಣಮೂರ್ತಿಪುರಂನ ಆ ಮನೆಯಲ್ಲಿ ಅವಮಾನ. ಇನ್ನು ಲಿಂಗಾಯತರ ಹುಡುಗಿಯೆಂದರೆ?

“ಇಪ್ಪತ್ತೈದನೇ ವಾರದ ಸಮಾರಂಭಕ್ಕೆ ಅಮ್ಮ ಬರ್ತಾರೆ. ನೀವೂ ಬನ್ನಿ, ಪರಿಚಯ ಮಾಡಿಸ್ತೀನಿ” ಎಂದ ಕೊನೆಗೂ.

“ಏನಂತ ಮಾಡಿಸ್ತೀರಿ?”

“ಅವತ್ತೇ ಕೇಳಿಸ್ಕೊಳ್ಳಿ.”

ಅವಳು ಕೆಂಪಾಗಿ ಬೇರೆ ಕಡೆ ನೋಡಿದಳು.

ಡಿಸೆಂಬರಿನ ಆ ಬೆಳಿಗ್ಗೆ ಟಾಕೀಸಿಗೆಲ್ಲ ಮಾವಿನ ತೋರಣ. ನೌಕರರಿಗೆಲ್ಲ ಒಂದೊಂದು ಸ್ಮರಣಿಕೆ. ಸುಂದರೇಶ ತನ್ನದನ್ನು ಹಿಡಿದು ವೇದಿಕೆಯಿಂದ ಇಳಿದಾಗ ಅಮ್ಮ ನಿಂತಿದ್ದರು. ಹೇಮಶ್ರೀ ರೇಷ್ಮೆ ಸೀರೆಯಲ್ಲಿ, ಹೊಳೆಯುವ ಮುಖದಲ್ಲಿ, ಓಡಿಬಂದವಳ ಹಾಗೆ ಹತ್ತಿರ ಬಂದಳು. ಆಗಲೇ ಫೋಟೋಗ್ರಾಫರ್ ಕ್ಲಿಕ್ ಮಾಡಿದ.

ಚಂದ್ರಮತಿ ಅವಳ ಹಣೆಯ ವಿಭೂತಿ ನೋಡಿದರು. “ಯಾರೋ ಇವರು?”

ಸುಂದರೇಶ ಕೈಯಲ್ಲಿದ್ದ ಸ್ಮರಣಿಕೆಯತ್ತ ಕಣ್ಣಿಳಿಸಿದ. “ಯಾರೋ ಅಮ್ಮ... ಟಿಕೆಟ್‌ಗೆ ಬರ್ತಿರ್ತಾರೆ.”

ಹೇಮಶ್ರೀ ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಚಂದ್ರಮತಿಯವರಿಗೆ ಕೈಮುಗಿದು, “ಹೌದಮ್ಮ, ಸಿನಿಮಾ ಚೆನ್ನಾಗಿತ್ತು, ಅದಕ್ಕೆ ಬರ್ತಿದ್ದೆ” ಎಂದು ಹೊರಟುಹೋದಳು.

ಎರಡು ಸಂಜೆ ಅವನು ಅವಳ ಬಸ್‌ಸ್ಟಾಪಿನಲ್ಲಿ ಕಾದ. ಎರಡು ಸಲವೂ ಅವಳು ಬಸ್ಸಿಂದ ಇಳಿಯದೆ ಮುಂದೆ ಹೋದಳು. ಸಂತೇಪೇಟೆಗೆ ಹೋಗಿ ಅವಳ ಅಪ್ಪನೆದುರು ನಿಲ್ಲುವ ಧೈರ್ಯ ಬರಲಿಲ್ಲ. ಬೇಸಿಗೆಯಲ್ಲಿ ಅವಳ ಮದುವೆಯಾಯಿತೆಂದು ಅವಳ ಗೆಳತಿಯೊಬ್ಬಳು ಕಿಂಡಿಯಲ್ಲೇ ಹೇಳಿಹೋದಳು.

ಹತ್ತು ವರ್ಷ ಕಳೆಯಿತು. ಚಂದ್ರಮತಿ ತೀರಿಕೊಂಡರು. ಸುಂದರೇಶ ಟಾಕೀಸಿನ ಮ್ಯಾನೇಜರ್ ಆದ. ತೊಂಬತ್ತರ ದಶಕದ ಹಿಟ್ ಚಿತ್ರಗಳ ಬಗ್ಗೆ ಸಂಜೆಪತ್ರಿಕೆಯೊಂದು ಬರೆಯುತ್ತಿತ್ತು. ವರದಿಗಾರ್ತಿ ತನ್ಮಯಿ ಬಂದು ಹಳೆಯ ನೆನಪು ಕೇಳಿದಳು. ಕ್ಯೂ, ಲಾಠಿ, ಹರಿದ ಅಂಗಿ, ಎಲ್ಲ ಹೇಳಿದ. ಫೋಟೋ ಇದೆಯೇ ಎಂದಾಗ ಅವನ ಬಳಿ ಇದ್ದದ್ದು ಒಂದೇ, ಅದನ್ನೇ ಕೊಟ್ಟ. ಅಮ್ಮ, ತಾನು, ಪಕ್ಕದಲ್ಲಿ ರೇಷ್ಮೆ ಸೀರೆಯ ಹುಡುಗಿ. ಫೋಟೋದ ಕೆಳಗೆ, ಭಾನುವಾರ ಬೆಳಿಗ್ಗೆ ಹತ್ತನೇ ವರ್ಷದ ವಿಶೇಷ ಪ್ರದರ್ಶನವಿದೆಯೆಂದು ಅಚ್ಚಾಗಿತ್ತು.

ಆ ಭಾನುವಾರ ಇಂಟರ್ವಲ್‌ನಲ್ಲಿ ಬಾಲ್ಕನಿಯ ಮೆಟ್ಟಿಲ ಬಳಿ ಅವಳು ನಿಂತಿದ್ದಳು. ಜೊತೆಯಲ್ಲಿ ಏಳೆಂಟು ವರ್ಷದ ಹುಡುಗಿ.

“ಮಗಳು, ಲಾಸ್ಯ” ಎಂದಳು. ಪಾಪ್‌ಕಾರ್ನ್ ತರಲು ಅವಳನ್ನು ಎದುರಿನ ಕ್ಯಾಂಟೀನಿಗೆ ಕಳಿಸಿದಳು. “ಪೇಪರ್‌ನಲ್ಲಿ ನೋಡ್ದೆ. ನಮ್ಮನೆಯವರೇ ತೋರಿಸಿದ್ರು. ಇದು ನೀನಲ್ವಾ, ಹೋಗ್ಬಾ ಅಂದ್ರು.”

“ಎಲ್ಲಿದೀರಿ ಈಗ?”

“ದಟ್ಟಗಳ್ಳಿ. ಚೆನ್ನಾಗಿದೀನಿ ಕಣ್ರೀ. ನೀವು? ಮದುವೆ...?”

“ಆಗ್ಲಿಲ್ಲ.”

ಅವಳ ಮುಖ ಕುಂದಿತು. “ಅದಕ್ಕೆ ನನ್ನ ಹೆಸರು ಹಾಕ್ಬೇಡಿ. ಹೊರೋಕಾಗಲ್ಲ ನನ್ಕೈಲಿ.”

“ಇಲ್ಲ. ತಪ್ಪು ನಂದೇ. ಅಮ್ಮಂಗೆ ಹೆದರಿದೆ. ಮನೆಗೆ ಹೋಗ್ತಾ ದಾರೀಲಿ ಹೇಳೋಣ ಅಂತಿದ್ದೆ. ದಾರಿ ಮುಗೀತು, ನಾನು ಹೇಳ್ಲಿಲ್ಲ.”

ಹೇಮಶ್ರೀ ಕ್ಯಾಂಟೀನಿನ ಬಳಿಯಿದ್ದ ಮಗಳತ್ತ ಒಮ್ಮೆ ನೋಡಿದಳು. “ಅವತ್ತು ನಾನ್ಯಾಕೆ ಹಂಗೆ ಓಡ್ಬಂದೆ ಗೊತ್ತಾ? ಬೆಳಿಗ್ಗೆ ಅಪ್ಪಂಗೆ ಎಲ್ಲಾ ಹೇಳ್ಬುಟ್ಟಿದ್ದೆ. ಕೂಗಾಡಿದ್ರು. ಆಮೇಲೆ ಸುಮ್ನೆ ಕೂತು, ‘ಆಗ್ಲಿ, ಆ ಹುಡುಗನ್ನ ಮನೆಗೆ ಕರ್ಕೊಂಡ್ಬಾ’ ಅಂದ್ರು. ಅದನ್ನ ನಿಮಗೆ ಹೇಳೋಕೆ ಬಂದಿದ್ದೆ.”

ಸುಂದರೇಶ ಮೆಟ್ಟಿಲ ಕಂಬಿ ಹಿಡಿದುಕೊಂಡ. ಬೆಲ್ ಹೊಡೆಯಿತು. ಜನ ಒಳಗೆ ನುಗ್ಗತೊಡಗಿದರು.

“ನಿಮ್ಮನ್ನ ತುಂಬಾ ಪ್ರೀತಿಸಿದ್ದೆ, ಹೇಮಾ” ಎಂದ. ಆ ಮಾತು ಇಷ್ಟು ಸುಲಭವಾಗಿ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. “ನಂಗೊತ್ತಿತ್ತು. ಅದಕ್ಕೇ ಅಷ್ಟು ನೋವಾಗಿದ್ದು.”

ಲಾಸ್ಯ ಪಾಪ್‌ಕಾರ್ನ್ ಹಿಡಿದು ಬಂದಳು. “ಅಮ್ಮಾ, ಶುರುವಾಯ್ತು!”

“ಬಂದೆ ಕಣಮ್ಮ.” ಹೇಮಶ್ರೀ ಮಗಳ ಕೈ ಹಿಡಿದಳು. ಎರಡು ಮೆಟ್ಟಿಲು ಹತ್ತಿ ತಿರುಗಿದಳು. “ಹೊತ್ತೊತ್ತಿಗೆ ಊಟ ಮಾಡಿ. ತುಂಬಾ ಇಳಿದೋಗಿದೀರಿ.”

ಅವನು ಕೆಳಗಿನ ಕ್ಲಾಸಿನ ಕೊನೆಯ ಸಾಲಿನಲ್ಲಿ ಕುಳಿತ. ತೆರೆಯ ಮೇಲೆ ಏನು ನಡೆಯಿತೋ ಕಾಣಲಿಲ್ಲ. ಆಟ ಮುಗಿದು ದೀಪ ಹತ್ತಿತು. ಬಾಲ್ಕನಿಯವರೆಲ್ಲ ಮಾತಾಡುತ್ತ ಇಳಿದರು, ಹೊರಗೆ ಆಟೋಗಳ ಸದ್ದು ಎದ್ದು ಅಡಗಿತು. ಅವಳು ಮನೆ ಸೇರಿರಬಹುದು ಅನ್ನಿಸುವವರೆಗೂ ಸುಂದರೇಶ ಕುರ್ಚಿ ಬಿಟ್ಟು ಏಳಲಿಲ್ಲ.