ವಿಳಾಸ ನೋಡದೆ ಒತ್ತಿದ ಲಿಂಕು

ಶನಿವಾರ ಬೆಳಗಿನ ಶಾಲೆ ಮುಗಿಸಿ ಶೋಭಿತಾ ಶಾಂತಿಗ್ರಾಮದಲ್ಲಿ ಹಾಸನದ ಬಸ್ ಹತ್ತಿದಳು. ನಟರಾಜುವಿನ ಎದುರು ತಪ್ಪು ಒಪ್ಪಿಕೊಳ್ಳಬೇಕಿತ್ತು. ಅದಕ್ಕೇ ಅವಳ ಮುಖ ಬಾಡಿತ್ತು.

ಆ ವರ್ಷ, ಅಂದರೆ 2007ರ ಬೇಸಿಗೆಯಲ್ಲಿ ನಟರಾಜು ಹಾಸನದ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಹಳ್ಳಿ ಶಾಲೆಗಳ ಟೀಚರುಗಳಿಗೆ ಹತ್ತು ದಿನ ಪಾಠ ಮಾಡಿದ್ದ. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಬೇಡಿ, ಮೊದಲು ಅದರ ವಿಳಾಸ ಓದಿ ಎಂದು ದಿನವೂ ಹೇಳುತ್ತಿದ್ದ. ಆ ಟೀಚರುಗಳಲ್ಲಿ ಒಬ್ಬಳಾದ ಶೋಭಿತಾ ಅದನ್ನು ಬರೆದುಕೊಂಡು ತಲೆ ಎತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ. ಅವಳು ನಕ್ಕಳು. ಅವನು ಬೋರ್ಡಿನ ಕಡೆ ತಿರುಗಿ ಬರೆದದ್ದನ್ನೇ ಮತ್ತೆ ಬರೆದ.

ಆಮೇಲಿನ ಎರಡು ತಿಂಗಳು ಇಬ್ಬರ ನಡುವೆ ಓಡಾಡಿದ್ದು ಮೇಲ್‌ಗಳು ಮಾತ್ರ. ಪ್ರಿಂಟ್ ತೆಗೆಯುವುದು ಹೇಗೆ ಎಂದು ಶುರುವಾಗಿ ಮಾತು ಊಟ ಆಯ್ತಾ ಎಂಬಲ್ಲಿಗೆ ಬಂದಿತ್ತು.

ಮೊನ್ನೆ ಗುರುವಾರ ಚನ್ನರಾಯಪಟ್ಟಣದ ಬ್ರೌಸಿಂಗ್ ಸೆಂಟರಿನಲ್ಲಿ ಕೂತಿದ್ದಾಗ, ನಿಮ್ಮ ಖಾತೆ ಇಂದೇ ಮುಚ್ಚುತ್ತದೆ ಎಂಬ ಮೇಲ್ ಬಂತು. ಅವನ ಪತ್ರಗಳೆಲ್ಲ ಆ ಖಾತೆಯಲ್ಲೇ ಇದ್ದವು. ಗಾಬರಿಯಲ್ಲಿ ಅದರಲ್ಲಿದ್ದ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟುಬಿಟ್ಟಳು. ಸಂಜೆಯೊಳಗೆ ಯಾರೋ ಅವಳ ಹೆಸರಿನಲ್ಲಿ ಪರಿಚಯದವರಿಗೆಲ್ಲ ‘ನನ್ನ ಫೋಟೊ ನೋಡಿ’ ಎಂದು ಲಿಂಕ್ ಕಳಿಸಿದ್ದರು. ಒತ್ತಿದರೆ ಅದೂ ಪಾಸ್‌ವರ್ಡ್ ಕೇಳುತ್ತಿತ್ತು.

ಶನಿವಾರ ಕೇಂದ್ರದಲ್ಲಿ ಅವಳು ಇದನ್ನೆಲ್ಲ ಹೇಳಿದಾಗ ನಟರಾಜು ಬೈಯಲಿಲ್ಲ. ಖಾತೆ ತೆರೆಯುವಾಗ ಇಟ್ಟಿದ್ದ ಗುಟ್ಟಿನ ಪ್ರಶ್ನೆಗೆ ಅವಳಿಂದ ಉತ್ತರ ಹಾಕಿಸಿ ಖಾತೆ ಬಿಡಿಸಿಕೊಟ್ಟ. ಅವಳು ಹೊಸ ಪಾಸ್‌ವರ್ಡ್ ಹಾಕುವಾಗ ಕಾಣದಿರಲೆಂದು ಗೋಡೆ ಕಡೆ ಮುಖ ಮಾಡಿ ಕೂತ.

“ನಿಮ್ಗೂ ಬಂದಿರ್ಬೇಕಲ್ವಾ ಸಾ ಆ ಫೋಟೊ ಮೇಲು? ನೀವಾದ್ರೆ ನೋಡಿದ್ ತಕ್ಷಣ ಕಂಡುಹಿಡ್ದಿರ್ತೀರ.”

ಅವನು ಹೂಂ ಅಂದ. ಅವಳ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥ ಈಶ್ವರಯ್ಯ ಒಳಗೆ ಬಂದರು. ನಿನ್ನೆಯಿಂದ ನಟರಾಜುವಿನ ಹೆಸರಿನಲ್ಲೂ ಅಂಥದ್ದೇ ಮೇಲ್ ಬರುತ್ತಿದೆ, ಪಾಠ ಹೇಳುವವನೇ ಮೋಸ ಹೋದರೆ ಸೋಮವಾರ ಶುರುವಾಗುವ ಹೊಸ ಕ್ಲಾಸನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಶೋಭಿತಾ ಎದ್ದು, ಮೊದಲು ಕೆಟ್ಟದ್ದು ತನ್ನ ಖಾತೆ, ಅವರಿಗೆ ಆ ಲಿಂಕ್ ಹೋದದ್ದು ಅಲ್ಲಿಂದಲೇ, ತಪ್ಪು ತನ್ನದು ಎಂದು ಹೇಳಿದಳು. ಈಶ್ವರಯ್ಯ ಇಬ್ಬರನ್ನೂ ನೋಡಿ, ಹಾಗಾದರೆ ಸೋಮವಾರ ಇದನ್ನೇ ಮೊದಲ ಪಾಠ ಮಾಡು ಎಂದು ಅವನಿಗೆ ಹೇಳಿ ಹೋದರು.

“ಎಲ್ರಿಗೂ ವಿಳಾಸ ನೋಡಿ ಅಂತೀರ. ನೀವ್ಯಾಕ್ ನೋಡ್ಲಿಲ್ಲ?” ಅವಳು ಕೇಳಿದಳು.

“ನಿಮ್ ಹೆಸ್ರಿತ್ತು. ಫೋಟೊ ಅಂತಿತ್ತು. ಎರಡ್ ತಿಂಗ್ಳಿಂದ ಒಂದ್ ಫೋಟೊ ಕೇಳ್ಬೇಕು ಅನ್ಕೊಂಡಿದ್ದೆ, ಬಾಯ್ ಬಂದಿರ್ಲಿಲ್ಲ. ನೀವೇ ಕಳ್ಸಿದ್ದೀರ ಅಂತ ಒತ್ಬುಟ್ಟೆ.”

ಅವನ ಕಿವಿ ಕೆಂಪಾಗಿತ್ತು. ಆದರೂ ಈ ಸಲ ಕಣ್ಣು ತಪ್ಪಿಸಲಿಲ್ಲ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ ನಿಂತಳು.

“ನಾಳೆ ಅವ್ವ ಮನೇಲಿರ್ತಾಳೆ. ಮೇಲ್ ಮಾಡ್ಬ್ಯಾಡಿ, ನೀವೇ ಬನ್ನಿ.”

ಭಾನುವಾರ ಹನ್ನೊಂದಕ್ಕೆ ನಟರಾಜು ಶಾಂತಿಗ್ರಾಮದಲ್ಲಿ ಬಸ್ ಇಳಿದ. ಅವಳ ತಾಯಿ ಮಾಯಮ್ಮ ಅವನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಕಾಫಿ ಕೊಡುವ ಮೊದಲೇ, ನಿಮ್ಮ ಅಪ್ಪ ಅವ್ವನನ್ನು ಯಾವತ್ತು ಕರೆದುಕೊಂಡು ಬರುತ್ತೀರಿ ಎಂದು ಕೇಳಿದರು.