ಭೈರವನ ಪಕ್ಕದ ಜಾಗ

ಕಾರ್ತಿಕ ಬಹುಳ ಅಷ್ಟಮಿ, ಮಂಗಳವಾರ. ಬೆಳಗಿನಿಂದ ಮಂಜು. ನೆತ್ತಿಗೆ ಬಂದ ಸೂರ್ಯನೂ ಮಸುಕು.

ಬಹಳ ಹಿಂದೆ ಇಂಥದೇ ಒಂದು ದಿನ ಕಪಿಲಗಿರಿ ಎಂಬ ರಾಜ್ಯಕ್ಕೆ ಧೂಮಾಂಗನೆಂಬ ಮಾಂತ್ರಿಕ ಬಂದ. ದೇವರುಗಳ ಮೇಲೆ ಅವನ ಆಟ ನಡೆಯಲಿಲ್ಲ. ಅವರ ವಾಹನಗಳ ಮೇಲೆ ನಡೆಯಿತು. ಗಣಪತಿಯ ಇಲಿಯ ಹಲ್ಲು ಕಿತ್ತ. ಷಣ್ಮುಖನ ನವಿಲಿನ ದನಿ ಕಸಿದ. ಶಿವನ ನಂದಿಯ ಕಾಲಿನ ಕಸುವು ಹೀರಿದ. ಮೂರನ್ನೂ ತನ್ನ ಕೋಟೆಯ ಮೂರು ಬಾಗಿಲಲ್ಲಿ ಕಟ್ಟಿಹಾಕಿದ. ಭೈರವನ ನಾಯಿ ಅವನನ್ನು ಕಂಡು ಬೊಗಳಿತು, ಅದನ್ನು ಸುಟ್ಟೇಬಿಟ್ಟ. ವಾಹನವಿಲ್ಲದೆ ದೇವರುಗಳು ಗುಡಿಯಲ್ಲೇ ಉಳಿದರು.

ಆಮೇಲೆ ಅವನು ಊರ ಮಕ್ಕಳ ಎಚ್ಚರವನ್ನೆಲ್ಲ ಒಂದು ಗಡಿಗೆಗೆ ತುಂಬಿಕೊಂಡ. ಮಕ್ಕಳು ಮಲಗಿದಲ್ಲೇ ಸೊರಗತೊಡಗಿದರು.

ಕುಂಬಾರರ ಹೊನ್ನಿಗೆ ತಂದೆತಾಯಿ ಇರಲಿಲ್ಲ. ಇದ್ದವರು ತಮ್ಮ ಬೀರ ಮತ್ತು ಬೀರನ ನಾಯಿ ಕರಿಯ. ಬೀರನೂ ಮಲಗಿದ. ಹೊನ್ನಿ ಕರಿಯನನ್ನು ಕರೆದುಕೊಂಡು ಕೋಟೆಗೆ ಹೋದಳು.

ಮೊದಲ ಬಾಗಿಲಿಗೆ ಕಬ್ಬಿಣದ ಸರಪಳಿ.

"ಹಲ್ಲಿದ್ದರೆ ಇದನ್ನು ಕಡಿದು ಬಿಸಾಡುತ್ತಿದ್ದೆ" ಅಂದಿತು ಇಲಿ.

"ನನ್ನದು ತಗೋ."

"ನಿನ್ನದೇ? ಅದು ಚಕ್ಕುಲಿಗೂ ಸಾಲದು ತಾಯಿ. ಪ್ರಾಣಿಯದು ಪ್ರಾಣಿಗೇ ಕೂಡುವುದು. ಆ ನಾಯಿಯನ್ನು ಕೇಳು. ಕೇಳದೆ ಕಿತ್ತುಕೊಳ್ಳುವವನು ಮಾಂತ್ರಿಕ, ನಾವಲ್ಲ."

ಹೊನ್ನಿ ಕುಕ್ಕರುಗಾಲಲ್ಲಿ ಕೂತಳು. "ಕರಿಯಾ, ಬೀರನಿಗೋಸ್ಕರ ಕೊಡ್ತೀಯೇನೋ?"

ಕರಿಯ ಬಾಲ ಆಡಿಸಿತು. ಇಲಿಗೆ ಹಲ್ಲು ಬಂತು, ಸರಪಳಿ ಕಡಿಯಿತು.

ಎರಡನೆಯ ಬಾಗಿಲಿಗೆ ಹೆಬ್ಬಾವು ಸುತ್ತಿಕೊಂಡಿತ್ತು.

"ನಾನು ಕೂಗಿದರೆ ಓಡುತ್ತದೆ. ಕೂಗಲು ದನಿಯಿಲ್ಲ" ಎಂದು ನವಿಲು ಪಿಸುಗುಟ್ಟಿತು.

"ನನ್ನದು..."

"ನಿನ್ನದಕ್ಕೆ ಹಾವು ಜೋಗುಳ ಅಂತ ಮಲಗೀತು!"

ಹೊನ್ನಿ ಮತ್ತೆ ಕೇಳಿದಳು. ಕರಿಯ ಮತ್ತೆ ಬಾಲ ಆಡಿಸಿತು. ನವಿಲಿನ ಕೇಕೆಗೆ ಹಾವು ಓಡಿತು. ಕರಿಯನೂ ಖುಷಿಯಲ್ಲಿ ಬಾಯಿ ತೆರೆಯಿತು. ಸದ್ದು ಬರಲಿಲ್ಲ.

ಮೂರನೆಯದು ಬರೀ ಬಂಡೆ. ಅದರ ಮುಂದೆ ನಂದಿ ಬಿದ್ದುಕೊಂಡಿತ್ತು. ಅದು ಏನನ್ನೂ ಬೇಡಲಿಲ್ಲ.

"ಹಿಂದಿರುಗು ಮಗಳೇ. ಕಾಲಿನ ಕಸುವೂ ಹೋದರೆ ಇದು ಮನೆಗೆ ಬರುವುದಿಲ್ಲ."

ಹೊನ್ನಿ ಬಹಳ ಹೊತ್ತು ನಿಂತಳು. ಬೀರನ ಎದ್ದುಕಂಡ ಪಕ್ಕೆಲುಬುಗಳು ಕಣ್ಣ ಮುಂದೆ ಬಂದವು. ಈ ಸಲ ಕರಿಯನ ಮುಖ ನೋಡದೆ ಕೇಳಿದಳು. ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು.

ನಂದಿ ಎದ್ದಿತು. ಬಂಡೆ ಬಿರಿಯಿತು, ಮಾಂತ್ರಿಕ ಅದರ ಗೊರಸಿನಡಿ ಬೂದಿಯಾದ, ಗಡಿಗೆ ಒಡೆಯಿತು. ಮನೆಮನೆಯಲ್ಲೂ ಮಕ್ಕಳು ಹಸಿವು ಅನ್ನುತ್ತ ಎದ್ದರು. ದೇವರುಗಳು ವಾಹನವೇರಿ ಬೀದಿಗೆ ಬಂದರು. ಕಪಿಲಗಿರಿ ಮತ್ತೆ ನಕ್ಕಿತು.

ಬೀರ ರೊಟ್ಟಿ ಹಿಡಿದು ಅಂಗಳವೆಲ್ಲ ಹುಡುಕಿದ.

"ಅಕ್ಕಾ, ನನ್ನ ಕರಿಯ ಎಲ್ಲೇ?"

ಹೊನ್ನಿ ಅವನನ್ನು ಭೈರವನ ಗುಡಿಗೆ ಕರೆದೊಯ್ದಳು. ಭೈರವನ ಪಕ್ಕದ ಖಾಲಿ ಜಾಗದಲ್ಲಿ ಈಗ ಒಂದು ಕರಿಕಲ್ಲಿನ ನಾಯಿ ಇತ್ತು. ಬಾಲ ಮೇಲೆದ್ದಿತ್ತು.

"ಭೈರವ ನಡೆದೇ ಬಂದು ಎತ್ತಿಕೊಂಡು ಹೋದ" ಅಂದಳು ಹೊನ್ನಿ. ಉಳಿದದ್ದನ್ನೂ ಹೇಳಿದಳು.

"ನೀನೇ ಕೇಳಿದೆಯಾ?"

"ನಾನೇ."

"ಮೂರು ಸಲವೂ?"

"ಮೂರು ಸಲವೂ."

ಬೀರ ಕಲ್ಲಿನ ಬಾಯೊಳಗೆ ಬೆರಳಿಟ್ಟು ನೋಡಿದ. ಹಲ್ಲಿರಲಿಲ್ಲ. ಅವನು ಮನೆಗೆ ಓಡಿ, ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಂದು ಅದರ ಮುಂದಿಟ್ಟ.